ಬರ್ತೇನೆ ಎನ್ನುವ ಕಂಪ್ಯೂಟರು

ಬೆಳಿಗ್ಗೆ ಎದ್ದ ಕೂಡಲೇ ಕೆಲವರು ಅಂಗೈ ನೋಡಿಕೊಳ್ಳುತ್ತಾರೆ, ಕೆಲವರು ದೇವರ ಪಟ ನೋಡುತ್ತಾರೆ, ಈಗಿನವರು ಮೊಬೈಲು ನೋಡುತ್ತಾರೆ. ನಾನು ಕಂಪ್ಯೂಟರು ಶುರುವಾಗುವುದನ್ನು ನೋಡುತ್ತಿದ್ದೆ. ಶುರುವಾದ ಮೇಲಿನದನ್ನಲ್ಲ, ಗುಂಡಿ ಒತ್ತಿದ ಮೇಲೆ, ವಿಂಡೋಸು ಬಂದು ಪರದೆಯನ್ನೆಲ್ಲ ಆಕ್ರಮಿಸಿಕೊಳ್ಳುವ ಮೊದಲು, ಒಂದು ಗುಟುಕು ಕಾಫಿ ಕುಡಿಯುವಷ್ಟರಲ್ಲಿ ಬಂದು ಹೋಗುವ ಒಂದು ಚಿತ್ರವನ್ನು. ಕೆಲಸವಿಲ್ಲದ ದಿನವೂ ಅದಕ್ಕೋಸ್ಕರ ಗುಂಡಿ ಒತ್ತಿ, ನೋಡಿ, ಮತ್ತೆ ಆರಿಸಿಬಿಡುತ್ತಿದ್ದೆ. ಮಗಳು ಕೇಳಿದರೆ "ಈಮೇಲ್ ನೋಡಿದೆ" ಎನ್ನುತ್ತಿದ್ದೆ. ನನಗೆ ಈಮೇಲ್ ಕಳಿಸುವವರು ಎರಡೇ ಬಗೆಯ ಜನ: ಬ್ಯಾಂಕಿನವರು ಮತ್ತು ಬ್ಯಾಂಕಿನವರ ಹೆಸರಿನಲ್ಲಿ ಮೋಸ ಮಾಡುವವರು.

ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಪರದೆಯ ಮೇಲೆ ಕಾಣಿಸುವುದು ಮದರ್‌ಬೋರ್ಡ್ ತಯಾರಿಸಿದ ಕಂಪನಿಯ ಮುದ್ರೆ. ನಮ್ಮ ಮನೆಯದರಲ್ಲಿ ಮಾತ್ರ ಬಿಳಿ ಕಾಗದದ ಮೇಲೆ ನೀಲಿ ಸ್ಕೆಚ್ ಪೆನ್ನಿನಿಂದ ಬರೆದ ಒಂದೇ ಒಂದು ಪದ ಮೂಡುತ್ತಿತ್ತು: "ಬರ್ತೇನೆ". ಅರ್ಕಾವೊತ್ತಿನ ಬಾಲ ಬೇಕಾದದ್ದಕ್ಕಿಂತ ಉದ್ದ, ಕೊನೆಯ ಅಕ್ಷರ ಗೆರೆ ಬಿಟ್ಟು ತುಸು ಮೇಲಕ್ಕೆ ಹತ್ತಿದ್ದು. ನಮ್ಮವರ ಅಕ್ಷರ.

ನಮ್ಮವರು ಸರಕು ಸಾಗಿಸುವ ಹಡಗಿನಲ್ಲಿ ಎಲೆಕ್ಟ್ರಿಕಲ್ ಆಫೀಸರು. ಮದುವೆಯಾದ ಹೊಸತರಲ್ಲಿ ಮುಂಬಯಿಯ ಜೋಗೇಶ್ವರಿಯ ಒಂದು ಸಣ್ಣ ಶೆಡ್ಡಿನಲ್ಲಿ ಸುಟ್ಟುಹೋದ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿಸುವ ಕೆಲಸ ನೋಡಿಕೊಳ್ಳುತ್ತಿದ್ದರು. ಆಗ ದಿನಾ ಸಂಜೆ ಮನೆಗೆ ಬರುತ್ತಿದ್ದರು. ಆಮೇಲೆ ಪರೀಕ್ಷೆ ಕಟ್ಟಿ, ಪಾಸು ಮಾಡಿ, ಹಡಗು ಹತ್ತಿ, ವರ್ಷಕ್ಕೊಮ್ಮೆ ಬರತೊಡಗಿದರು. ಸಂಸಾರ ಬಾಡಿಗೆ ಕೋಣೆಯಿಂದ ಮುಲುಂಡಿಗೆ, ಲಿಫ್ಟ್ ಇರುವ ಬಿಲ್ಡಿಂಗಿಗೆ ಏರಿತು. ಏರಿಸಿದ ಸಮುದ್ರ ಅದಕ್ಕೆ ಬದಲಾಗಿ ನಮ್ಮ ಸಂಜೆಗಳನ್ನು ಇಟ್ಟುಕೊಂಡಿತು.

ರಜೆಯಲ್ಲಿ ಬಂದಾಗ ಅವರು ಸುಮ್ಮನೆ ಕೂರುವ ಪೈಕಿಯಲ್ಲ. ಹಡಗಿನಲ್ಲಿ ಸದಾ ಏನೋ ಕೆಟ್ಟಿರುತ್ತದೆಯಂತೆ. ಮನೆಯಲ್ಲಿ ಏನೂ ಕೆಡದಿದ್ದರೆ ಅವರಿಗೆ ದಿಕ್ಕು ತೋಚುವುದಿಲ್ಲ. ಮಾಟುಂಗದ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಗೆ ನಾನು ಟೈಪು ಮಾಡಿ ಪುಟ ಕಟ್ಟಿಕೊಡುವ ಕೆಲಸ ಒಪ್ಪಿಕೊಂಡಾಗ, ಹಳೆಯ ಲ್ಯಾಪ್‌ಟಾಪಿನಲ್ಲಿ ನಾನು ಒದ್ದಾಡುವುದನ್ನು ನೋಡಿ, "ನಿನಗೊಂದು ಒಳ್ಳೆ ಮಿಷನ್ ಕಟ್ಟಿಕೊಡ್ತೇನೆ" ಎಂದು ಹೊರಟರು. ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಒಂದೊಂದೇ ಭಾಗ ಆರಿಸಿ, ಬರುವ ದಾರಿಯಲ್ಲಿ ಮಾಟುಂಗದಲ್ಲಿ ಇಳಿದು ಪತ್ರೊಡೆಗೆ ಕೆಸುವಿನೆಲೆ ಕೊಂಡು, ಮದರ್‌ಬೋರ್ಡಿನ ಪೆಟ್ಟಿಗೆಯ ಮೇಲೆ ಕೆಸುವಿನೆಲೆಯ ಕಟ್ಟನ್ನಿಟ್ಟುಕೊಂಡು ಲೋಕಲ್ಲಿನಲ್ಲಿ ಬಂದರು. ಎಲ್ಲವನ್ನೂ ಊಟದ ಮೇಜಿನ ಮೇಲೆ ಹರಡಿದರು. ಆ ವಾರ ನಾವು ನೆಲದ ಮೇಲೆ ಕೂತು ಉಂಡೆವು.

ಕಂಪ್ಯೂಟರು ಎದ್ದು ನಿಂತಿತು. ಆದರೆ ನನಗೆ ಅದು ಶುರುವಾಗುವುದು ತಡ ಅನ್ನಿಸಿತು, ಹಾಗಂತ ಗೊಣಗಿದೆ. ಹಡಗಿಗೆ ಹೊರಡುವ ಹಿಂದಿನ ದಿನ ಅವರು ಕಾಗದದ ಮೇಲೆ ಆ ಪದ ಬರೆದು, ಫೋಟೋ ತೆಗೆದು, ಏನೇನೋ ಮಾಡಿ ಕಂಪನಿಯ ಮುದ್ರೆಯ ಜಾಗದಲ್ಲಿ ಅದನ್ನು ಕೂರಿಸಿದರು. "ನೋಡು, ಇನ್ನು ನೀನು ಗೊಣಗುದು ಬೇಡ. ಅದೇ ಹೇಳ್ತದೆ, ಬರ್ತೇನೆ ಅಂತ. ಸ್ವಲ್ಪ ಕಾಯ್ಲಿಕ್ಕೆ ಕಲಿ ಮಾರಾಯ್ತಿ" ಎಂದು ನಕ್ಕರು.

ಅವರಿಗೆ ಅದು ತಮಾಷೆ. ಮರುದಿನ ಅವರು ಸೂಟ್‌ಕೇಸು ಹಿಡಿದು ಬಾಗಿಲಲ್ಲಿ ನಿಂತು ಅದೇ ಪದವನ್ನು ಬಾಯಲ್ಲಿ ಹೇಳಿದರು. ಆಮೇಲೆ ಬೆಳಗಾದರೆ ನನಗದು ತಮಾಷೆಯಾಗಿ ಕಾಣಲಿಲ್ಲ.

ಕನ್ನಡದಲ್ಲಿ ಹೊರಡುವವರು "ಹೋಗ್ತೇನೆ" ಎನ್ನಬಾರದು ಎಂದು ಚಿಕ್ಕಂದಿನಲ್ಲಿ ಬೈದು ಕಲಿಸಿದ್ದರು. ಮುಂಬಯಿಗೆ ಬಂದ ಮೇಲೆ ನೋಡಿದರೆ ಈ ಹೆದರಿಕೆ ನಮಗೊಬ್ಬರಿಗೇ ಅಲ್ಲ. ಕೆಳಗಿನ ಮನೆಯ ಮರಾಠಿ ಕಾಕಾ ಆಫೀಸಿಗೆ ಹೊರಡುವಾಗ "ಯೇತೋ" ಎನ್ನುತ್ತಾರೆ. ಬರುತ್ತೇನೆ ಎಂದೇ ಅದರ ಅರ್ಥ. ಎದುರು ಮನೆಯ ಗುಜರಾತಿ ಜ್ಯೋತ್ಸ್ನಾಬೆನ್ ಬಂದವರನ್ನು "ಆವ್‌ಜೋ" ಎಂದು ಕಳಿಸುತ್ತಾರೆ, ಬನ್ನಿ ಎಂದು. ತುಳುವಿನಲ್ಲಿ ನಮ್ಮ ನಾದಿನಿ "ಬರ್ಪೆ" ಅನ್ನುತ್ತಾಳೆ. ನಮ್ಮ ಬಿಲ್ಡಿಂಗಿನ ಮೆಟ್ಟಿಲಲ್ಲಿ ಬೆಳಿಗ್ಗೆ ನಿಂತು ಕೇಳಿದರೆ ಹೋಗುವವರೆಲ್ಲ ನಾಲ್ಕು ಭಾಷೆಗಳಲ್ಲಿ ಬರುತ್ತಲೇ ಇರುತ್ತಾರೆ. ಅವರಲ್ಲಿ ಹೆಚ್ಚಿನವರು ಸಂಜೆಯ ಲೋಕಲ್ಲಿನಲ್ಲಿ ಮಾತು ಉಳಿಸಿಕೊಳ್ಳುತ್ತಾರೆ. ಹಡಗಿನವರ ಮಾತು ಮಾತ್ರ ಭೂಮಿಯನ್ನು ಒಂದು ಸುತ್ತು ಹಾಕಿ ಬರಬೇಕು.

ಇಂತಿರಲು ನಮ್ಮ ಮಗಳು ನಿಧಿ ಒಂದು ಕೆಲಸ ಮಾಡಿದಳು.

ಅವಳು ಆರ್ಕಿಟೆಕ್ಚರಿನ ಕೊನೆಯ ವರ್ಷದಲ್ಲಿದ್ದಾಳೆ. ಕಟ್ಟದ ಕಟ್ಟಡಗಳನ್ನು ಕಂಪ್ಯೂಟರಿನೊಳಗೆ ಕಟ್ಟಿ, ಅದರ ಗೋಡೆಗಳ ಮೇಲೆ ಸುಳ್ಳು ಬಿಸಿಲು ಬೀಳಿಸಿ ತೋರಿಸುವುದು ಅವರ ಪರೀಕ್ಷೆ. ನನ್ನ ಮಾಸಪತ್ರಿಕೆಗೆ ಸಾಕಾಗಿದ್ದ ಪ್ರೊಸೆಸರು ಅವಳ ಬಿಸಿಲಿಗೆ ಬಸವಳಿದು ಹೋಗುತ್ತಿತ್ತು. ಒಂದು ದಿನ ಕಾಲೇಜಿನಿಂದ ಬರುವಾಗ ಬೆಂಕಿಪೊಟ್ಟಣದಷ್ಟು ದೊಡ್ಡ ಹೊಸ ಪ್ರೊಸೆಸರ್ ಹಿಡಿದುಕೊಂಡು ಬಂದಳು.

"ಅಪ್ಪನಿಗೆ ಕೇಳಿದ್ಯಾ?" ಎಂದೆ.

"ಅಮ್ಮಾ, ಸೇಮ್ ಸಾಕೆಟ್ ಇದೆ. ಪುರಾನಾ ನಿಕಾಲೋ, ನಯಾ ಡಾಲೋ, ಬಸ್. ಅಪ್ಪನಿಗೆ ಸರ್‌ಪ್ರೈಸ್ ಕೊಡೋಣ."

ಅಂಗಡಿಯವನು "ಬಯಾಸ್ ಅಪ್‌ಡೇಟ್ ಆಗಿದೆಯಲ್ಲ?" ಎಂದು ಹಿಂದಿಯಲ್ಲಿ ಕೇಳಿದನಂತೆ. ಇವಳಿಗೆ ಅದೇನೆಂದು ಸರಿಯಾಗಿ ತಿಳಿಯದೆ, ತಿಳಿಯದೆಂದು ತೋರಿಸಿಕೊಳ್ಳಲು ಮನಸ್ಸಿಲ್ಲದೆ, "ಹಾಂ ಹಾಂ" ಎಂದಿದ್ದಳು. ಈ ವಿದ್ಯೆ ಅವಳಿಗೆ ನನ್ನಿಂದ ಬಂದದ್ದು. ನಾನೂ ಸಂಘದ ಸಭೆಗಳಲ್ಲಿ ಅರ್ಥವಾಗದ್ದಕ್ಕೆಲ್ಲ ಹೀಗೇ ತಲೆಯಾಡಿಸಿ, ಕೊನೆಗೆ ಪತ್ರಿಕೆಯ ಕೆಲಸ ಕುತ್ತಿಗೆಗೆ ಬಂದದ್ದು.

ಹೊಸ ಪ್ರೊಸೆಸರ್ ಕೂತಿತು. ಗುಂಡಿ ಒತ್ತಿದಳು. ಫ್ಯಾನುಗಳು ತಿರುಗಿದವು, ದೀಪಗಳು ಹತ್ತಿದವು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಓಲಗ ಊದುತ್ತಿದೆ, ಮಂಟಪ ತುಂಬ ದೀಪ, ಮದುಮಗನೇ ನಾಪತ್ತೆ. ಆರಿಸಿದಳು, ಹಚ್ಚಿದಳು, ಕೇಬಲ್ಲು ಎಳೆದು ಮತ್ತೆ ಚುಚ್ಚಿದಳು. ಅವಳ ಮುಖವೂ ಪರದೆಯ ಬಣ್ಣಕ್ಕೆ ಬರತೊಡಗಿತು. ನಾನು ಅವಳಿಗಿಂತ ಹೆಚ್ಚು ಗಾಬರಿಯಾಗಿದ್ದೆ, ಕಾರಣ ಮಾತ್ರ ಬೇರೆ.

ನಮ್ಮವರಿಗೆ ಮೆಸೇಜು ಹಾಕಿದೆವು. ಹಡಗಿನಲ್ಲಿ ಇಂಟರ್‌ನೆಟ್ಟು ಪಡಿತರದ ಹಾಗೆ ಅಳೆದು ಕೊಡುತ್ತಾರೆ. ಅದು ಸಿಕ್ಕಿದಾಗ ಅವರು ಫೋನು ಮಾಡುತ್ತಾರೆ. ಮಾತು ಉಪಗ್ರಹಕ್ಕೆ ಹೋಗಿ ಬರಬೇಕಾದ್ದರಿಂದ ನಾವು ಕೇಳಿದ ಪ್ರಶ್ನೆಗೂ ಅವರ ಉತ್ತರಕ್ಕೂ ನಡುವೆ ಒಂದು ಮೌನ ಇರುತ್ತದೆ. ವರ್ಷಗಳ ಅಭ್ಯಾಸದಿಂದ ನನಗೆ ಆ ಮೌನದಲ್ಲಿ ಕಾಯುವುದು ಬರುತ್ತದೆ. ನಿಧಿಗೆ ಬರುವುದಿಲ್ಲ, ಅವಳು ನಡುವೆ ಮಾತಾಡಿ ಎರಡೂ ಕಡೆಯ ಮಾತು ಡಿಕ್ಕಿ ಹೊಡೆಯುತ್ತದೆ.

"ಅದು ಕೆಟ್ಟದ್ದಲ್ಲ," ಎಂದರು ಎಲ್ಲ ಕೇಳಿ. "ಬೋರ್ಡಿನ ಬಯಾಸ್ ಹಳತು. ಈ ಹೊಸ ಪ್ರೊಸೆಸರಿನ ಗುರ್ತ ಅದಕ್ಕಿಲ್ಲ. ಹಳತನ್ನೇ ವಾಪಸು ಕೂರಿಸಿ, ಬಯಾಸನ್ನು ಅಪ್‌ಡೇಟ್ ಮಾಡಿ, ಮತ್ತೆ ಹೊಸತು ಹಾಕ್ಬೇಕು."

"ಓಕೆ, ನಾನು ಮಾಡ್ತೀನಿ ಅಪ್ಪಾ."

"ಬೇಡ ಬೇಡ. ಅದು ಬರೀತಾ ಇರುವಾಗ ಕರೆಂಟು ಹೋದ್ರೆ ಬೋರ್ಡೇ ಸತ್ತು ಹೋಗ್ತದೆ, ಮತ್ತೆ ಎಬ್ಬಿಸ್ಲಿಕ್ಕೆ ಕಷ್ಟ. ಹಳತು ಹಾಕಿ ಇಟ್ಟುಬಿಡು. ಈ ತಿಂಗಳ ಕೊನೆಗೆ ನಾನು ಬರ್ತೇನಲ್ಲ, ಬಂದು ಮಾಡ್ತೇನೆ."

ಬಯಾಸ್ ಎಂದರೇನೆಂದು ಆಮೇಲೆ ನಾನು ನಿಧಿಯಿಂದ ಕೇಳಿ ತಿಳಿದುಕೊಂಡೆ. ಮದರ್‌ಬೋರ್ಡಿನ ಮೇಲೆ ಒಂದು ಪುಟ್ಟ ಚಿಪ್ಪಿನಲ್ಲಿ ಬರೆದಿಟ್ಟ ಬುದ್ಧಿ ಅದು. ಕಂಪ್ಯೂಟರಿನಲ್ಲಿ ಎಲ್ಲರಿಗಿಂತ ಮೊದಲು ಏಳುತ್ತದೆ. ಎದ್ದು ಕೀಬೋರ್ಡ್ ಇದೆಯೇ, ಮೆಮೊರಿ ಇದೆಯೇ, ಪ್ರೊಸೆಸರ್ ನಮ್ಮದೇ ಹೌದೇ ಎಂದು ಒಬ್ಬೊಬ್ಬರನ್ನೇ ಮುಟ್ಟಿ ನೋಡಿ, ಎಲ್ಲ ಸರಿಯಿದ್ದರೆ ವಿಂಡೋಸ್ ಎಂಬ ಯಜಮಾನರನ್ನು ಎಬ್ಬಿಸಿ, ತಾನು ಹಿಂದಕ್ಕೆ ಸರಿದು ನಿಲ್ಲುತ್ತದೆ. ಇಷ್ಟು ಕೇಳಿದ ಮೇಲೆ ನನಗೆ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಅಂಥವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ಅವರಿಗೂ ಗುರುತಿಲ್ಲದವರು ಬಂದು ಅಡುಗೆಮನೆಯಲ್ಲಿ ಕೂತರೆ ಮನೆ ಹೀಗೇ ನಿಂತುಹೋಗುತ್ತದೆ.

ನಿಧಿ ಹಳೆಯ ಪ್ರೊಸೆಸರನ್ನು ಮರಳಿ ಕೂರಿಸಿದಳು. ಕಂಪ್ಯೂಟರು ಏನೂ ಆಗದವರ ಹಾಗೆ ಎದ್ದು "ಬರ್ತೇನೆ" ಎಂದಿತು. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಒಗ್ಗರಣೆ ಹಾಕಿರಲಿಲ್ಲವಾದ್ದರಿಂದ ನೆಪ ಹೇಳುವುದು ಕಷ್ಟವಾಯಿತು.

ತಿಂಗಳ ಕೊನೆ ಬಂತು. ಅವರು ಬರಲಿಲ್ಲ. ಹಡಗಿನವರ ಕರಾರು ಮುಗಿದರೆ ಸಾಲದು. ಬದಲಿಗೆ ಬರುವವರು ಬಂದು ಹಡಗು ಹತ್ತಬೇಕು, ಆಮೇಲೆ ಇವರು ಇಳಿಯಬೇಕು. ಬದಲಿಗೆ ಬರಬೇಕಾದವರಿಗೆ ಕಾಮಾಲೆಯಾಯಿತು. ಇನ್ನೊಬ್ಬರನ್ನು ಗೊತ್ತು ಮಾಡುವಷ್ಟರಲ್ಲಿ ಹಡಗು ಹೋಗಬೇಕಾದ ಬಂದರೇ ಬದಲಾಯಿತು. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದ ದಿನ ಬಂತು, ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಅವರ ಮೆಚ್ಚಿನ ಮೂಡೆ ಮಾಡಲು ಅಕ್ಕಿ ನೆನೆಹಾಕಲಿಲ್ಲ, ದಿನ ಹೋಯಿತು.

ಒಂದು ಮಾತು ಹೇಳಬೇಕು. ಅವರು ಬಂದರೂ ಕೂಡಲೇ ಬಂದಂತಾಗುವುದಿಲ್ಲ. ನಿಧಿ ಚಿಕ್ಕವಳಿದ್ದಾಗ ಅವರು ಯಾವುದೋ ದೂರದ ಬಂದರಿನಿಂದ ಹಳದಿ ಫ್ರಾಕು ತಂದಿದ್ದರು. ಹೊರಡುವಾಗ ಮಗಳು ಎಷ್ಟಿದ್ದಳೋ ಅಷ್ಟಕ್ಕೆ ಲೆಕ್ಕ ಹಾಕಿ ಕೊಂಡದ್ದು. ತಲೆಯಿಂದ ಇಳಿಸಿದರೆ ಭುಜದಲ್ಲೇ ಸಿಕ್ಕಿಕೊಂಡಿತು. ಅವಳು ಒಳಗಿನಿಂದ ಕಿರುಚಿಕೊಂಡಳು, ನಾನು ನಕ್ಕೆ. ಅವರು ನಗಲಿಲ್ಲ. ಆ ಫ್ರಾಕನ್ನು ಮಡಿಚಿ ಮತ್ತೆ ಪ್ಲಾಸ್ಟಿಕ್ಕಿನೊಳಗೆ ಹಾಕುತ್ತ, "ಇಷ್ಟು ಬೇಗ?" ಎಂದು ಫ್ರಾಕನ್ನೇ ಕೇಳಿದರು. ಆಮೇಲಿನ ವರ್ಷಗಳಲ್ಲಿ ಅವರು ಬಟ್ಟೆ ತರುವುದನ್ನು ಬಿಟ್ಟು ಚಾಕೊಲೇಟು ತರತೊಡಗಿದರು. ಚಾಕೊಲೇಟಿಗೆ ಅಳತೆಯ ತಂಟೆಯಿಲ್ಲ.

ಈಗಲೂ ಬಂದ ಮೊದಲ ವಾರ ಅವರು ಹಾಲ್‌ನ ದೀಪಕ್ಕೆ ಹಳೆಯ ಸ್ವಿಚ್ಚನ್ನೇ ಒತ್ತುತ್ತಾರೆ. ಚಮಚಗಳನ್ನು, ಅವರು ಹೊರಡುವಾಗ ಇದ್ದ ಡ್ರಾಯರಿನಲ್ಲಿ ಹುಡುಕುತ್ತಾರೆ. ನಾನು ತೋರಿಸಿಕೊಡುತ್ತೇನೆ. ಅವರು "ಹೌದಾ?" ಎನ್ನುತ್ತಾರೆ, ನೆಂಟರ ಮನೆಯಲ್ಲಿ ಅನ್ನುವ ಹಾಗೆ. ಆ "ಹೌದಾ" ಕೇಳುವಾಗ ಅವರು ದೂರದಲ್ಲಿದ್ದಾಗಿನದಕ್ಕಿಂತ ಹೆಚ್ಚು ಅವರನ್ನು ಕಾಣಬೇಕೆನಿಸುತ್ತದೆ. ಎರಡನೇ ವಾರಕ್ಕೆ ಎಲ್ಲ ಸರಿಹೋಗುತ್ತದೆ. ಏನಾದರೊಂದನ್ನು ಬಿಚ್ಚಿ ಮೇಜಿನ ಮೇಲೆ ಹರಡಿದರೆಂದರೆ ಮನುಷ್ಯ ಮನೆಗೆ ಬಂದರು ಎಂದು ಅರ್ಥ.

ಅತ್ತ ನಿಧಿಯ ಪರೀಕ್ಷೆಯ ಚಿತ್ರಗಳನ್ನು ಒಪ್ಪಿಸುವ ದಿನ ಹತ್ತಿರವಾಗುತ್ತಿತ್ತು. ಗೆಳತಿಯರ ಮನೆಗೆ ಹೋಗಿ ಅವರ ಕಂಪ್ಯೂಟರು ಬಿಡುವಾಗುವುದನ್ನು ಕಾಯುತ್ತಿದ್ದಳು. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, "ಅಮ್ಮಾ, ಅಪ್ಪ ಬರೋವರೆಗೆ ವೇಟ್ ಮಾಡ್ಲಿಕ್ಕೆ ಆಗಲ್ಲ. ಇವತ್ತು ನಾನೇ ಮಾಡ್ತೀನಿ. ನೀನು ಅಪ್ಪನಿಗೆ ಹೇಳ್ಬೇಡ," ಎಂದು ಪೆನ್‌ಡ್ರೈವು ಹಿಡಿದು ಕೂತಳು.

ಕಂಪನಿಯ ವೆಬ್‌ಸೈಟಿನಿಂದ ನಮ್ಮ ಬೋರ್ಡಿನದೇ ಹೊಸ ಬಯಾಸ್ ಇಳಿಸಿಕೊಂಡಳು. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಬೇರೆ ಬೋರ್ಡಿನದಾಗಿಬಿಡುತ್ತದೆಂದು ಎರಡೆರಡು ಸಲ ತಾಳೆ ನೋಡಿದಳು. ಆಮೇಲೆ ಅಲ್ಲಿದ್ದ ಸೂಚನೆಗಳನ್ನು ಗಟ್ಟಿಯಾಗಿ ಓದಿ ನನಗೆ ಅನುವಾದ ಮಾಡುತ್ತ ಹೋದಳು. "ಅಪ್‌ಡೇಟ್ ಆಗುವಾಗ ಬಂದ್ ಮಾಡಬಾರದು. ಸೆಟಿಂಗ್ಸ್ ಎಲ್ಲ ಮೊದಲಿನ ಥರ ಆಗುತ್ತೆ. ಕಸ್ಟಮ್ ಲೋಗೋ ಹಾಕಿದ್ರೆ ಅದು ಅಳಿಸಿ ಹೋಗುತ್ತೆ. ಓಕೆ, ನಮಗೆ ಅದೆಲ್ಲ ಏನೂ..."

"ಏನು ಅಳಿಸಿ ಹೋಗ್ತದೆ?" ಎಂದೆ.

"ಲೋಗೋ ಅಮ್ಮಾ. ಸ್ಟಾರ್ಟ್ ಆಗುವಾಗ ಬರತ್ತಲ್ಲ, ವೋ ಬ್ಲೂ ವಾಲಾ. ಅಪ್ಪ ಹಾಕಿದ್ದು."

ಅವಳು ತಿರುಗಿ ನನ್ನ ಮುಖ ನೋಡಿದಳು. "ಏನಾಯ್ತು? ಅಷ್ಟು ಇಂಪಾರ್ಟೆಂಟಾ ಅದು?"

"ಅದರಲ್ಲಿ ಏನು ಬರೆದಿದೆ ಗೊತ್ತುಂಟಾ ನಿನಗೆ?"

ಕನ್ನಡ ಅವಳಿಗೆ ಕಿವಿಯಿಂದ ಬಂದದ್ದು. ಮುಲುಂಡಿನ ಶಾಲೆಯಲ್ಲಿ ಹಿಂದಿ, ಮರಾಠಿ, ಇಂಗ್ಲಿಷು ಕಲಿತ ಹುಡುಗಿಗೆ ನಾನು ಅಕ್ಷರ ಹೇಳಿಕೊಡಲು ಕೂತದ್ದುಂಟು; ಹಣ್ಣಿನ ಚಿತ್ರಗಳಿದ್ದ ಪುಸ್ತಕದ ನಡುಭಾಗಕ್ಕೂ ನಾವು ತಲುಪಿರಲಿಲ್ಲ. "ಕನ್ನಡದಲ್ಲಿ ಏನೋ ಇದೆ ಅಂತ ಗೊತ್ತು," ಎಂದಳು. "ಅಪ್ಪನ ಸಹಿ ಇರ್ಬೇಕು ಅಂತ... ನಾನು ಯಾವತ್ತೂ ಕೇಳ್ಲಿಲ್ಲ."

"ಬರ್ತೇನೆ, ಅಂತ ಬರೆದಿದೆ."

ಅವಳು ಆ ಪದವನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡಳು. ಅವಳು ಅದನ್ನು ಓದಿರಲಿಲ್ಲ ಅಷ್ಟೆ. ಬಾಗಿಲ ಬಳಿ ನಿಂತು ಹುಟ್ಟಿದಾಗಿನಿಂದ ಕೇಳಿದ್ದಳು. ಕೇಳಿದಾಗೆಲ್ಲ ಚಿಕ್ಕಂದಿನಲ್ಲಿ ಅತ್ತು, ಆಮೇಲೆ ಮುನಿಸಿಕೊಂಡು, ಈಚೆಗೆ ಕೈಯೆತ್ತಿ "ಬಾಯ್ ಅಪ್ಪಾ" ಎಂದಷ್ಟೇ ಹೇಳಿ ಒಳಗೆ ಹೋಗಿದ್ದಳು. ನೀಲಿ ಗೀಚು ಎಂದುಕೊಂಡಿದ್ದು ದಿನಾ ತನ್ನ ಕಣ್ಣೆದುರಿಗೇ ಅದನ್ನು ಹೇಳುತ್ತಿತ್ತೆಂದು ಈಗ ತಿಳಿಯಿತು.

ಪೆನ್‌ಡ್ರೈವನ್ನು ಕಿತ್ತು ಮೇಜಿನ ಮೇಲಿಟ್ಟಳು. "ಬೇಡ ಅಮ್ಮಾ. ಛೋಡ್ ದೋ. ನಾನು ಕಾಲೇಜ್ ಲ್ಯಾಬ್‌ನಲ್ಲಿ ಮಾಡ್ತೀನಿ."

ಈಗ ಗಟ್ಟಿಯಾಗಬೇಕಾದ ಸರದಿ ನನ್ನದಾಯಿತು. ಇಷ್ಟು ದಿನ ಒಂದು ಪದವನ್ನು ಮುಚ್ಚಟೆಯಿಂದ ಕಾಪಾಡಿಕೊಂಡು ಬಂದವಳಿಗೆ, ಅದರ ನಡುವೆ ಮಗಳು ಊರೆಲ್ಲ ಅಲೆಯುತ್ತಿದ್ದದ್ದು ಕಂಡಿರಲಿಲ್ಲವೆಂದಲ್ಲ. ಕಂಡೂ, ಇನ್ನೊಂದು ವಾರ, ಇನ್ನೊಂದು ವಾರ ಎಂದುಕೊಂಡಿದ್ದೆ. ಅವರೇ ಬಂದು ಕೈಹಾಕಿದರೆ ಆ ಪದಕ್ಕೇನೂ ಆಗಲಾರದು ಎಂಬ ಆಸೆ. "ಹಾಗೆಲ್ಲ ಬಿಡ್ಲಿಕ್ಕಾಗುದಿಲ್ಲ. ಮಾಡು," ಎಂದೆ. "ಆದರೆ ಮೊದಲು ಒಂದು ಫೋಟೋ ತೆಗೀಬೇಕು ನನಗೆ."

ಅದು ಸುಲಭವಾಗಲಿಲ್ಲ. ಕಂಪ್ಯೂಟರು ಹಚ್ಚಿ ನಾನು ಮೊಬೈಲು ಎತ್ತುವಷ್ಟರಲ್ಲಿ ಪದ ಮಾಯ. ಎರಡನೇ ಸಲ ನನ್ನ ಹೆಬ್ಬೆರಳಿನ ಫೋಟೋ ಸ್ಪಷ್ಟವಾಗಿ ಬಂತು. ಮತ್ತೊಮ್ಮೆ "ಬ" ಸಿಕ್ಕಿತು, "ನೆ" ಸಿಕ್ಕಲಿಲ್ಲ. ಕೊನೆಗೆ ನಿಧಿ ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡು ವಿಡಿಯೋ ಮಾಡಿದಳು. ಅದರಲ್ಲಿ ಪದ ಪೂರ್ತಿಯಾಗಿದೆ. ಕಪ್ಪು ಪರದೆಯ ಕನ್ನಡಿಯಲ್ಲಿ, ಪದದ ಪಕ್ಕಕ್ಕೆ, ಕೂದಲು ಕೆದರಿದ ಒಬ್ಬ ಹೆಂಗಸು ಕುತ್ತಿಗೆ ಮುಂದೆ ಮಾಡಿ ನೋಡುತ್ತಿರುವುದೂ ಕಾಣುತ್ತದೆ. ನಾನು ದಿನಾ ಬೆಳಿಗ್ಗೆ ಹೇಗೆ ಕಾಣುತ್ತಿದ್ದೆನೆಂದು ನನಗೆ ಆಗಲೇ ತಿಳಿದದ್ದು.

"ಇದನ್ನೇ ಟ್ರೇಸ್ ಮಾಡಿ ಆಮೇಲೆ ವಾಪಸ್ ಹಾಕ್ಲಾ?" ಎಂದಳು ನಿಧಿ. ಬೇಡವೆಂದೆ. ನಕಲು ಮಾಡಿದರೆ ಅಕ್ಷರ ಬರಬಹುದು, ಅವರು ಹೊರಡುವ ಹಿಂದಿನ ಆ ದಿನ ಅದರೊಂದಿಗೆ ಬರುವುದಿಲ್ಲ.

ಇನ್ನು ಕರೆಂಟಿನ ವ್ಯವಸ್ಥೆಯಾಗಬೇಕಿತ್ತು. ನಮ್ಮ ಯುಪಿಎಸ್ಸಿನ ಬ್ಯಾಟರಿ ಸತ್ತು, ಅದು ಕಾಲಿಡುವ ಮಣೆಯಾಗಿ ಬಹಳ ದಿನಗಳಾಗಿದ್ದವು. ಎದುರು ಮನೆಗೆ ಹೋಗಿ ಜ್ಯೋತ್ಸ್ನಾಬೆನ್ನರದನ್ನು ಕೇಳಿದೆ. ಅವರು ಕೊಟ್ಟದ್ದಷ್ಟೇ ಅಲ್ಲ, ಹಿಂದೆಯೇ ಬಂದು ಕೂತರು. ವಿಷಯ ಕೇಳಿ, ಇದು ಆಪರೇಷನ್ನಿನಂಥದ್ದೇ ಎಂದು ತೀರ್ಮಾನಿಸಿ, ನಡುವೆ ಒಮ್ಮೆ ಎದ್ದು ಹೋಗಿ ತಮ್ಮ ಮನೆಯ ಫ್ರಿಜ್ಜು, ಫ್ಯಾನು ಎಲ್ಲ ಆರಿಸಿ ಬಂದರು. ಇಡೀ ಬಿಲ್ಡಿಂಗಿನ ಕರೆಂಟು ನಮ್ಮ ಕಡೆಗೇ ಹರಿದು ಬರಲಿ ಎಂಬ ಲೆಕ್ಕಾಚಾರ. "ಟೆನ್ಶನ್ ಮತ್ ಲೇ ಬೇಟಾ, ಹೋ ಜಾಯೇಗಾ," ಎಂದು ನಿಧಿಗೆ ಹೇಳುತ್ತ ಸೆರಗಿನ ತುದಿಯನ್ನು ಹಿಂಡುತ್ತಿದ್ದರು.

ನಿಧಿ ಬಯಾಸಿನೊಳಗೆ ಹೋಗಿ, ಪೆನ್‌ಡ್ರೈವಿನ ಫೈಲನ್ನು ಆರಿಸಿದಳು. ಖಂಡಿತವೇ ಎಂದು ಯಂತ್ರ ಕೇಳಿತು. ಅವಳ ಬೆರಳು ಕೀಲಿಯ ಮೇಲೆ ನಿಂತಿತು. "ಅಮ್ಮಾ, ನೀನು ಒತ್ತು."

ಒತ್ತಿದೆ.

ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಪರದೆಯ ಮೇಲೆ ತುಂಬತೊಡಗಿತು. ಕೆಳಗೆ ಯಾರೋ ಸ್ಕೂಟರು ಶುರುಮಾಡಿದರೆ ಅದಕ್ಕೂ ನಾವು ಮೂವರೂ ಬೆಚ್ಚಿದೆವು. ಪಟ್ಟಿ ಪೂರ್ತಿಯಾಗಿ, ಯಂತ್ರ ತಾನೇ ಆರಿತು. ಹತ್ತಿತು, ಏನೂ ತೋರಿಸದೆ ಮತ್ತೆ ಆರಿತು. ಆ ಕಪ್ಪು ಎಷ್ಟು ಹೊತ್ತು ಇತ್ತೋ ತಿಳಿಯದು. ಜ್ಯೋತ್ಸ್ನಾಬೆನ್ ಕಣ್ಣು ಮುಚ್ಚಿ ತಮ್ಮ ದೇವರನ್ನು ಕರೆದರು. ನಾನು ಕಟೀಲಮ್ಮನಿಗೆ ಒಂದು ಸೀರೆಯ ಹರಕೆ ಹೇಳಿಕೊಂಡೆ. ಆಮೇಲೆ ಪರದೆ ಬೆಳಗಿತು. ಕಂಪನಿಯ ಹೆಸರು ಬಂದು ಬೆಳ್ಳಿಯ ಬಣ್ಣದಲ್ಲಿ ಮಿನುಗಿತು. ಚೆನ್ನಾಗಿಯೇ ಇತ್ತು. ಅಂಗಡಿಯ ಬೋರ್ಡು ಚೆನ್ನಾಗಿರುವ ಹಾಗೆ.

ಕಂಪ್ಯೂಟರು ಆರಿಸಿ, ಹೊಸ ಪ್ರೊಸೆಸರ್ ಕೂರಿಸಿ, ನಿಧಿ ಮತ್ತೆ ಹಚ್ಚಿದಳು. ಈ ಸಲ ಬೋರ್ಡು ಅದರ ಗುರುತು ಹಿಡಿದು ಒಳಗೆ ಕರೆದುಕೊಂಡಿತು. ನಿಧಿ ಕುರ್ಚಿಯಿಂದೆದ್ದು ಕುಣಿದಳು. ಜ್ಯೋತ್ಸ್ನಾಬೆನ್ ತಮ್ಮ ಮನೆಯಿಂದ ಸುಖಡಿ ತಂದು ಎಲ್ಲರ ಬಾಯಿಗೂ ಒಂದೊಂದು ತುಂಡು ತುರುಕಿದರು. ಬೆಲ್ಲದ ಆ ಮಿಠಾಯಿ ಅಗಿಯುತ್ತ ನಾನೂ ನಕ್ಕೆ. ಸಂಜೆಯವರೆಗೆ ಮಗಳ ಕಟ್ಟಡದ ಗೋಡೆಗಳ ಮೇಲೆ ಬಿಸಿಲು ಬೀಳುವುದನ್ನು ನೋಡುತ್ತ ಕೂತೆ. ಅದು ಸರಸರನೆ ಬೀಳುತ್ತಿತ್ತು. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೇಜಿನ ಹತ್ತಿರ ಬಂದವಳು, ಗುಂಡಿ ಒತ್ತದೆ ಕಿಟಕಿಯ ಕಡೆ ಹೋದೆ. ಅವರು ಹಡಗು ಹತ್ತಿ ಆಗಲೇ ವರ್ಷ ಸಮೀಪಿಸಿತ್ತು; ಅವರಿಲ್ಲವೆಂದು ಆ ಬೆಳಗಿನಲ್ಲಿ, ಅವರು ಹೋದ ಮೊದಲ ದಿನ ತಿಳಿದ ಹಾಗೆ ತಿಳಿಯಿತು.

ಆ ವಾರವೇ ಅವರ ಫೋನು ಬಂತು. ಹೇಳಬೇಡವೆಂದು ನಿಧಿ ಹೇಳಿದ್ದಳು. ಆದರೆ ಅಷ್ಟು ದೂರದಲ್ಲಿರುವವರಿಂದ ಇನ್ನೂ ಏನನ್ನಾದರೂ ದೂರ ಇಡಲು ನನಗೆ ಮನಸ್ಸು ಬರಲಿಲ್ಲ. ನಿಧಿ ಪಕ್ಕದಲ್ಲೇ ಇದ್ದಳು. ಸ್ಪೀಕರು ಹಾಕಿದೆ.

"ಹ್ವಾಯ್, ಕೇಳ್ತದಾ?" ಎಂದೆ.

"ಕೇಳ್ತದೆ, ಹೇಳು."

"ಕಂಪ್ಯೂಟರ್ ಆಯ್ತು. ಹೊಸ ಪ್ರೊಸೆಸರ್ ಓಡ್ತಾ ಉಂಟು. ನಿಧಿಯೇ ಅಪ್‌ಡೇಟ್ ಮಾಡಿದ್ಲು."

ಮೌನ. ಉಪಗ್ರಹದ ಮೌನದ ಉದ್ದ ನನಗೆ ಗೊತ್ತು. ಇದು ಅದನ್ನು ದಾಟಿ ಮುಂದೆ ಹೋಯಿತು.

"ನೀವಿಬ್ರೇ?"

"ಜ್ಯೋತ್ಸ್ನಾಬೆನ್ನೂ ಇದ್ರು."

"ಪ್ರೊಸೆಸರಿನ ಮೇಲೆ ಪೇಸ್ಟ್ ಹಾಕಿದ್ದಾಳಾ?"

"ಹಾಕಿದ್ದಾಳೆ. ಬಿಸಿ ಆಗುದಿಲ್ಲ."

"ಹಾಂ," ಎಂದರು. "ಒಳ್ಳೆದಾಯ್ತು ಬಿಡು. ಮತ್ತೆ, ಆ ಬರೆದದ್ದು ಹೋಯ್ತಲ್ಲ?"

"ಹೋಯ್ತು."

ಎಲ್ಲೋ ಎಂಜಿನ್ನಿನ ಗುಂಯ್ ಸದ್ದು. ಆಮೇಲೆ ನಗುವ ದನಿಯಲ್ಲಿ, "ಹಾಗಾದ್ರೆ ಇನ್ನು ನನಗೆ ಅಲ್ಲಿ ಎಂತ ಕೆಲಸ ಉಂಟು?" ಎಂದರು. ಮಾತು ಮೊದಲು ಬಂತು, ನಗು ಹಿಂದಿನಿಂದ ಒಂಟಿಯಾಗಿ ಬಂತು.

ಕಾಯುವವರು ನಾವು ಮಾತ್ರ ಎಂದು ತಿಳಿದುಕೊಂಡಿದ್ದೆ. ನಡುಸಮುದ್ರದಲ್ಲಿ ಒಬ್ಬರು ನಮ್ಮ ಮನೆಯ ಒಂದು ಕೆಟ್ಟ ಕಂಪ್ಯೂಟರನ್ನು ಇಷ್ಟು ದಿನ ಮನಸ್ಸಿನಲ್ಲೇ ಬಿಚ್ಚಿ ಜೋಡಿಸುತ್ತ, ಅದಕ್ಕಾಗಿ ಇಳಿಯುವ ದಿನ ಎಣಿಸುತ್ತಿದ್ದಿರಬಹುದೆಂದು ನನಗೆ ಹೊಳೆದಿರಲಿಲ್ಲ. ನಿಧಿಯ ಕಡೆ ನೋಡಿದೆ. ಅವಳು ಆಗಲೇ ನೆಲದ ಮೇಲೆ ಕೂತಿದ್ದಳು, ಕಂಪ್ಯೂಟರಿನ ಪಕ್ಕದಲ್ಲಿ, ಕೈಯಲ್ಲಿ ಸ್ಕ್ರೂಡ್ರೈವರ್.

"ಅಪ್ಪಾ, ಕಾಮ್ ಖತಮ್ ಕಹಾಂ ಹುವಾ?" ಎಂದಳು ಅಲ್ಲಿಂದಲೇ. "ಸೈಡ್ ಪ್ಯಾನೆಲ್ ಹಾಕ್ಲಿಕ್ಕೇ ಆಗ್ಲಿಲ್ಲ ನಮಗೆ. ಒಳಗೆ ಕೇಬಲ್ಸ್ ಎಲ್ಲ ನೂಡಲ್ಸ್ ಥರ ಆಗಿದೆ. ಮುಚ್ಚೋದೇ ಇಲ್ಲ."

ಭಾನುವಾರವೇ ಅವಳು ವೈರುಗಳನ್ನೆಲ್ಲ ಅಚ್ಚುಕಟ್ಟಾಗಿ ಕಟ್ಟಿ, ಬದಿಯ ಮುಚ್ಚಳ ಹಾಕಿ ಬಿಗಿದಿದ್ದಳು. ಈಗ ಮಾತಾಡುತ್ತಲೇ ಒಂದೊಂದೇ ಸ್ಕ್ರೂ ಬಿಚ್ಚುತ್ತಿದ್ದಳು.

"ಮುಚ್ಚಳ ತೆಗೆದಿಟ್ಟಿದ್ದೀರಾ?" ಅವರ ದನಿ ಒಮ್ಮೆಲೇ ತನ್ನ ಮೊದಲಿನ ಗಾತ್ರಕ್ಕೆ ಬಂತು. "ಧೂಳು ಹೋಗ್ತದೆ ಮಾರಾಯ್ತಿ! ಫ್ಯಾನಿಗೆ ವೈರು ಸಿಕ್ಕಿದ್ರೆ ಎಂತ ಮಾಡ್ತಿ? ಯಾವ ಕಡೆಯಿಂದ ಎಳೆದಿದ್ದಿ ಅದನ್ನು?"

"ಗೊತ್ತಿಲ್ಲ ಅಪ್ಪಾ," ಎನ್ನುತ್ತ ನಿಧಿ ಮುಚ್ಚಳವನ್ನು ಸದ್ದಾಗದ ಹಾಗೆ ಗೋಡೆಗೆ ಒರಗಿಸಿ, ಒಳಗೆ ಕೈಹಾಕಿ ಕಟ್ಟಿದ್ದ ವೈರುಗಳನ್ನು ಸಡಿಲ ಮಾಡಿದಳು. "ನೀವೇ ಬಂದು ನೋಡ್ಬೇಕು."

"ಮುಟ್ಟಬೇಡ. ಇನ್ನು ಏನೂ ಮುಟ್ಟಬೇಡ. ನಾನು ಬಂದು ಸರಿ ಮಾಡ್ತೇನೆ. ಈ ಮಕ್ಕಳಿಗೆ ಒಂದು ಕೆಲಸ ಪೂರ್ತಿ ಮಾಡ್ಲಿಕ್ಕೆ ಗೊತ್ತಿಲ್ಲ..." ಬೈಯುತ್ತ ಬೈಯುತ್ತ ಅವರ ಪಡಿತರ ಮುಗಿದು ಫೋನು ಕಡಿಯಿತು. ಅಷ್ಟು ಸಂತೋಷದಿಂದ ಅವರು ಬೈದದ್ದನ್ನು ನಾನು ಬಹಳ ದಿನಗಳಿಂದ ಕೇಳಿರಲಿಲ್ಲ.

ಬದಲಿಗೆ ಬರುವವರು ಈಗ ಹೊರಟಿದ್ದಾರಂತೆ. ಮುಂದಿನ ಬಂದರಿನಲ್ಲಿ ಹಡಗು ಹತ್ತುತ್ತಾರಂತೆ. ಈ "ಅಂತೆ"ಗಳಿಗೆ ನಾನು ಇನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದಿಲ್ಲ. ಅಕ್ಕಿ ಮಾತ್ರ ಒಳ್ಳೆಯದು ತಂದಿಟ್ಟಿದ್ದೇನೆ. ಕಂಪ್ಯೂಟರು ಹೊಟ್ಟೆ ತೆರೆದುಕೊಂಡೇ ಮೇಜಿನ ಕೆಳಗೆ ಕೂತಿದೆ. ನಿಧಿ ಅದರಲ್ಲಿ ಕೆಲಸ ಮಾಡುತ್ತಾಳೆ, ಮುಗಿಸಿ ಏಳುವಾಗ ಹಳೆಯ ದುಪಟ್ಟಾ ಹೊದಿಸುತ್ತಾಳೆ. ನಾನು ಬೆಳಿಗ್ಗೆ ದುಪಟ್ಟಾ ತೆಗೆದು, ಬಟ್ಟೆಯಿಂದ ಅದರ ಸುತ್ತಲಿನ ಧೂಳನ್ನು ಒರೆಸುತ್ತೇನೆ. ಜ್ಯೋತ್ಸ್ನಾಬೆನ್ ಬಂದಾಗೆಲ್ಲ ಅದನ್ನು ನೋಡಿ, "ಢಕ್ಕನ್ ತೋ ಲಗಾ ದೋ, ಕಚ್‌ರಾ ಜಾಯೇಗಾ" ಎನ್ನುತ್ತಾರೆ. ಹೌದು ಹೌದು, ಮುಚ್ಚಬೇಕು ಎನ್ನುತ್ತೇನೆ. ಅವರು, "ಸ್ಕ್ರೂಡ್ರೈವರ್ ನಹೀಂ ಹೈ ಕ್ಯಾ? ಮೇರಾ ಲೇ ಲೋ" ಎಂದು ಮೊನ್ನೆ ತಮ್ಮದನ್ನೇ ತಂದುಕೊಟ್ಟರು. ಅದನ್ನೂ ನಮ್ಮದರ ಜೊತೆಗೇ, ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಸಾಬಕ್ಕಿಯ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ನಮ್ಮವರು ಬಂದು ಕೇಳಿದರೆ, ಎಲ್ಲಿದೆಯೋ ಗೊತ್ತಿಲ್ಲ, ನೀವೇ ಹುಡುಕಿ ಎನ್ನುವುದೆಂದು ನಾವು ತಾಯಿ ಮಗಳು ಮಾತಾಡಿಕೊಂಡಿದ್ದೇವೆ.